ಭಾವನಿಗೆ, ಮತ್ತು ಹೆಸರೇ ಗೊತ್ತಿಲ್ಲದ ತಾಯಂದಿರಿಗೆ

ಕಳೆದ ವಾರದ ತಪಾಸಣೆಯಲ್ಲಿ ಡಾಕ್ಟರ್ ಬಲಗಣ್ಣಿಗೆ ಕಿತ್ತಳೆ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ತುಂಬ ಹೊತ್ತು ನೋಡಿದರು. ಮೇಲ್ಪದರ ಕಿತ್ತುಹೋದ ಜಾಗವಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಈ ಸಲ ಎಲ್ಲೂ ಹೊಳೆಯಲಿಲ್ಲ. ಎದುರಿನ ಬೋರ್ಡಿನ ಅರ್ಧದಷ್ಟು ಸಾಲುಗಳನ್ನು ಆ ಕಣ್ಣೊಂದರಲ್ಲೇ ಓದಿದೆ. ಆ ಕಣ್ಣಿಗೆ ಸುಣ್ಣ ಸಿಡಿದದ್ದು, ಆಮೇಲಿನ ಓಡಾಟ ಎಲ್ಲ ಜೊತೆಯಲ್ಲಿ ಕೆಲಸ ಮಾಡುವ ನಿಮಗೆ ಗೊತ್ತಿರುವುದೇ. ಈಗ ಬರೆಯಬೇಕಾದದ್ದು ನನ್ನ ಮೇಲಿರುವ ಋಣದ ಬಗ್ಗೆ.

ಮೊದಲು ಭಾವ.

ಸುಣ್ಣ ಕ್ಷಾರ, ಕಣ್ಣಿಗೆ ಆಸಿಡ್‌ಗಿಂತ ಕ್ಷಾರ ಕೆಟ್ಟದ್ದು. ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನೇ ಕರಗಿಸಿಕೊಂಡು ಒಳಗಿಳಿಯುತ್ತ ಹೋಗುತ್ತದೆ. ಹಾಗಾಗಿ ಆ ರಾತ್ರಿ ತೊಳೆದಷ್ಟೂ ಸಾಲದು. ಒಂದು ಸಲೈನ್ ಬಾಟಲಿ ಮುಗಿದರೆ ಇನ್ನೊಂದು. ಮೇಲಿನ ರೆಪ್ಪೆ ಮಗುಚಿ, ಅಂಟಿಕೊಂಡಿದ್ದ ಕಣಗಳನ್ನು ತೆಗೆದರು. ನಡುನಡುವೆ ತೊಳೆಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೆಳರೆಪ್ಪೆಯೊಳಗೆ ಕ್ಷಾರ ಉಳಿದಿದ್ದರೆ ನೀಲಿಯಾಗುವ ಪಿಎಚ್ ಕಾಗದದ ಚೂರು ತಾಗಿಸಿ ಬಣ್ಣ ನೋಡುತ್ತಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಭಾವ ಹೇಳುತ್ತಿದ್ದರು, "ಇನ್ನೂ ನೀಲಿ." ಮತ್ತೆ ಬಾಟಲಿ. "ನೀಲಿನೇ ಇದೆ." ಸುಳ್ಳು ಸಮಾಧಾನ ಒಂದು ಸಲವೂ ಹೇಳಲಿಲ್ಲ. ಅದಕ್ಕೇ, ಕೊನೆಗೆ "ಹಸಿರಿಗೆ ಬಂತು" ಎಂದಾಗ ನಂಬಿದೆ.

ಆಮೇಲೆ ಗಂಟೆಗೊಮ್ಮೆ ಹನಿ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೇ ಬೆಳಗು ಮಾಡಿದರು. ನೋವು ತಡೆಯಲಾರದೆ ನಾನು ಕೂಗಿದೆ, ಅವರ ಕೈ ತಳ್ಳಿದೆ, ಕಣ್ಣು ಹೋದರೆ ಹೋಗಲಿ ನನ್ನ ಪಾಡಿಗೆ ಬಿಡಿ ಎಂದೆ. "ಎಷ್ಟು ಬೇಕಾದರೂ ಬೈಕೊ, ಕಣ್ಣು ಮಾತ್ರ ಬಿಡು" ಎಂದು ರೆಪ್ಪೆ ಬಿಡಿಸಿ ಹನಿ ಹಾಕಿದರು. ಮನೆಯಲ್ಲಿ ಹೆಚ್ಚು ಮಾತೇ ಆಡದ ಮನುಷ್ಯ ಅವರು.

ಇನ್ನು ನಾನು ಎಂದೂ ನೋಡಲಾಗದ ತಾಯಂದಿರು. ಮೊದಲ ವಾರದಲ್ಲಿ, ಮತ್ತೆ ತಿಂಗಳುಗಳ ನಂತರದ ಮುಖ್ಯ ಆಪರೇಷನ್‌ನಲ್ಲಿ, ನನ್ನ ಕಣ್ಣಿನ ಮೇಲೆ ಹಾಸಿದ್ದು ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ತೆಳುಪೊರೆ. ಸಿಸೇರಿಯನ್ ಹೆರಿಗೆಯಾದ ತಾಯಿ ಒಪ್ಪಿಗೆ ಕೊಟ್ಟರೆ, ಅವರ ರಕ್ತ ಪರೀಕ್ಷೆ ಮಾಡಿ, ಕಸಕ್ಕೆ ಹೋಗಬೇಕಿದ್ದ ಮಾಸಿನಿಂದ ಆ ಪೊರೆಯನ್ನು ಬಿಡಿಸಿ ಶೀತಲೀಕರಿಸಿ ಇಡುತ್ತಾರೆ. ಉರಿಯೂತ ತಗ್ಗಿಸುತ್ತದೆ, ಹೊಸ ಕೋಶಗಳು ಹಬ್ಬಲು ನೆಲೆ ಕೊಡುತ್ತದೆ, ಕೆಲವೇ ವಾರಗಳಲ್ಲಿ ಕರಗುತ್ತದೆ.

ಆದರೆ ಹಬ್ಬಲು ಕೋಶಗಳೇ ಬೇಕಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿದ್ದು ಹೊಸ ಮೇಲ್ಪದರ ಬೆಳೆಸುವ ಕಾಂಡಕೋಶಗಳು ನನ್ನ ಬಲಗಣ್ಣಿನಲ್ಲಿ ಸುಟ್ಟುಹೋಗಿದ್ದವು, ಬಿಳಿಭಾಗದ ರಕ್ತನಾಳಗಳು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ಹರಿದುಬಂದಿದ್ದವು. ಎಡಗಣ್ಣಿನಿಂದ ಒಂದು ಚೂರು ತೆಗೆಯಬೇಕು ಎಂದಾಗ ನನ್ನ ಎದೆ ಒಡೆಯಿತು. ಉಳಿದಿರುವ ಒಂದೂ ಹೋದರೆ? ಆ ವಾರ ನಾನು ಯಾರ ಫೋನನ್ನೂ ಎತ್ತಲಿಲ್ಲ. ಮಗುವಿನ ಮುಖವನ್ನು ನೋಡಿದ್ದೇ ನೋಡಿದ್ದು, ನೆನಪಿನಲ್ಲಾದರೂ ಇರಲಿ ಅಂತ. ಆಗಲೂ ಡಾಕ್ಟರ್ ಎದುರು ಕೂತು ಎಷ್ಟು ತೆಗೆಯುತ್ತೀರಿ, ಅಲ್ಲಿ ಮತ್ತೆ ಬೆಳೆಯುತ್ತದಾ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡವರು ಭಾವನೇ. ತೆಗೆದದ್ದು ಸುಮಾರು 2 ಮಿಲಿಮೀಟರಿನ ಚೂರು. ಅದನ್ನೇ ಸಣ್ಣ ಸಣ್ಣ ತುಣುಕು ಮಾಡಿ, ಪೊರೆಯ ಮೇಲೆ ಫೈಬ್ರಿನ್ ಎಂಬ ರಕ್ತದ ಪ್ರೋಟೀನಿನ ಅಂಟಿನಿಂದ ಕೂರಿಸಿದರು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ವಿಧಾನವಿದು. ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿಕೊಳ್ಳುವ ದುಬಾರಿ ಹಂತವೇ ಇದರಲ್ಲಿಲ್ಲ. ಅವರಿಗೂ ನನ್ನ ನಮಸ್ಕಾರ ಸಲ್ಲಬೇಕು.

ನೀವು ಕಳಿಸಿದ ಲೇಖನಗಳನ್ನೆಲ್ಲ ಅಕ್ಕ ಓದಿ ಹೇಳಿದ್ದಾಳೆ. ಎಲ್ಲರ ಗಾಯವೂ ನನ್ನದರಂತೆ ಒಂದೇ ಕಣ್ಣಿಗೆ, ಮೇಲ್ಪದರಕ್ಕೇ ನಿಲ್ಲುವುದಿಲ್ಲ. ಒಳಪದರ ಕೆಟ್ಟವರಿಗಾಗಿ ಕೊಲಾಜನ್ ಎಂಬ ಪ್ರೋಟೀನಿನಿಂದಲೇ ಕಾರ್ನಿಯಾ ಮಾಡುವ ಪ್ರಯತ್ನ ನಡೆದಿದೆ. ಸ್ವೀಡನ್ನಿನಲ್ಲಿ ಅಂಥ ಇಂಪ್ಲಾಂಟ್ ಹಾಕಿಸಿಕೊಂಡ 10 ಜನರ ವರದಿ 2010ರಲ್ಲಿ ಬಂತು: ಅವರದೇ ಕೋಶಗಳು, ನರಗಳು ಅದರೊಳಗೆ ಬೆಳೆದಿದ್ದವು. 2022ರಲ್ಲಿ, ಹಂದಿ ಚರ್ಮದ ಕೊಲಾಜನ್ ಬಳಸಿ ಭಾರತ ಮತ್ತು ಇರಾನಿನ 20 ಜನರಿಗೆ ಮಾಡಿದ ಚಿಕಿತ್ಸೆಯ ಫಲಿತಾಂಶ. ಫಲ ಏನಾಗುತ್ತದೋ ತಿಳಿಯದೆ ಕಣ್ಣೊಡ್ಡಿದ ಆ ಜನರ ಧೈರ್ಯ ಎಂಥದ್ದೆಂದು ನನಗೀಗ ಗೊತ್ತು.

ಡಾಕ್ಟರಿಗೆ, ಸಿಸ್ಟರ್‌ಗಳಿಗೆ, ಮಗುವನ್ನು ನೋಡಿಕೊಂಡ ಅಕ್ಕನಿಗೆ, ನನ್ನ ಪಾಲಿನ ಕೆಲಸ ಹಂಚಿಕೊಂಡ ಗೆಳೆಯರಿಗೆ ಮನಸಾರೆ ಧನ್ಯವಾದ.

ನಿಮ್ಮ ಮನೆಯಲ್ಲಿ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯವರು ಮಾಸು ದಾನಕ್ಕೆ ಒಪ್ಪಿಗೆ ಕೇಳಿದರೆ ದಯವಿಟ್ಟು ಹೂಂ ಅನ್ನಿ. ಹನಿ ಇನ್ನೂ ನಿಂತಿಲ್ಲ, ಬೆಳಕು ಜೋರಾದರೆ ಕಣ್ಣು ಚುಚ್ಚುತ್ತದೆ. ಆದರೂ ಮುಂದಿನ ತಿಂಗಳಿಂದ ಅರ್ಧ ದಿನ ಕೆಲಸಕ್ಕೆ ಬರುತ್ತೇನೆ. ಅಷ್ಟರೊಳಗೆ, ಆಗ ಯಾರ ಯಾರ ಫೋನ್ ಎತ್ತಲಿಲ್ಲವೋ ಅವರಿಗೆಲ್ಲ ನಾನೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.