ಊಟಕ್ಕಲ್ಲ, ಮೂರು ತಿಂಗಳಿಗೆ ಕೇಳುತ್ತಿದ್ದೇವೆ

ಕಲಬುರಗಿಯ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಶರಣು ಶರಣಾರ್ಥಿ. ಮನಸ್ಸಿನ ಕಾಯಿಲೆಯಿಂದ ಬೀದಿ ಪಾಲಾದವರನ್ನು ಇಟ್ಟುಕೊಂಡು, ಗುಣವಾದ ಮೇಲೆ ಮನೆ ಮುಟ್ಟಿಸುವ ಸಣ್ಣ ಸಮಿತಿ ನಮ್ಮದು. ಆ ಕೆಲಸಕ್ಕೆ ನಿಮ್ಮ ನೆರವು ಕೇಳಲು ಈ ಪತ್ರ.

ಊಟ ಹಾಕುವ ವಿಷಯದಲ್ಲಿ ನಮ್ಮದು ಬಡ ಊರಲ್ಲ. ಶರಣಬಸವೇಶ್ವರ ಗುಡಿಯ ದಾಸೋಹವಿದೆ. ಬಂದೇನವಾಜ್ ದರ್ಗಾದ ಹತ್ತಿರ ಯಾರಾದರೂ ಊಟ ಹಂಚುತ್ತಿರುತ್ತಾರೆ. ಸ್ಟೇಷನ್ ಎದುರಿನ ಚಹಾದಂಗಡಿಯವರು ದುಡ್ಡು ಕೇಳದೆ ಬನ್ನು ಕೊಡುತ್ತಾರೆ. ಹಾಗಿದ್ದರೂ ಪ್ಲಾಟ್‌ಫಾರ್ಮ್ ತುದಿಯಲ್ಲಿ ಚೀಲ ಹೊದ್ದು, ಒಬ್ಬನೇ ಮಾತಾಡುತ್ತ ಕೂತವನು ವರ್ಷವಾದರೂ ಅಲ್ಲೇ ಇರುತ್ತಾನೆ. ಅವನಿಗೆ ಊಟ ಸಿಕ್ಕಿದೆ, ಮಾತ್ರೆ ಸಿಕ್ಕಿಲ್ಲ.

ನಮ್ಮದು ಮುಂಬೈ–ಚೆನ್ನೈ ರೈಲು ದಾರಿಯ ಊರು. ಸೊಲ್ಲಾಪುರದ ಕಡೆಯಿಂದ ಬಂದವರು, ವಾಡಿಯಲ್ಲಿ ಗಾಡಿ ತಪ್ಪಿದವರು, ಗಾಳಿ ಬಿಡಿಸಲು ಗಾಣಗಾಪುರಕ್ಕೆ ಕರೆತಂದು ಮನೆಯವರೇ ಬಿಟ್ಟುಹೋದವರು, ಎಲ್ಲರೂ ಕೊನೆಗೆ ಇಲ್ಲಿ ಸೇರುತ್ತಾರೆ. (ದತ್ತನ ಮೇಲೆ ನಮಗೂ ಭಕ್ತಿ ಇದೆ. ದತ್ತನೂ ಇರಲಿ, ಡಾಕ್ಟರೂ ಇರಲಿ ಅಂತಷ್ಟೇ ನಮ್ಮ ಮಾತು.) ಇದೇ ದಾರಿಯ ಚೆನ್ನೈ ತುದಿಯಲ್ಲಿ ಬ್ಯಾನ್ಯನ್ ಸಂಸ್ಥೆ 1993ರಿಂದ ಇಂಥವರನ್ನು ನೋಡಿಕೊಳ್ಳುತ್ತಿದೆ. ಮುಂಬೈ ಕಡೆ ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿ ಬೀದಿಯವರಿಗೆ ಚಿಕಿತ್ಸೆ ಕೊಟ್ಟು ಮನೆ ಮುಟ್ಟಿಸುತ್ತ ಬಂದರು. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಅಷ್ಟು ದೊಡ್ಡವರಲ್ಲ. ಒಂದು ಬಾಡಿಗೆ ಮನೆ, ಕೆಲವು ಮಂಚ, ಅಷ್ಟೇ.

ಕಾನೂನೇನೋ ಚೆನ್ನಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇಂಥವರನ್ನು ಲಾಕಪ್‌ಗೆ ಹಾಕುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಕಾಣೆಯಾದವರ ಕೇಸು ಬರೆದು ಮನೆಯವರನ್ನು ಹುಡುಕಬೇಕು. ಬಿಪಿಎಲ್ ಕಾರ್ಡು ಇಲ್ಲದಿದ್ದರೂ ಅಲ್ಲಿ ಚಿಕಿತ್ಸೆ ಪುಕ್ಕಟೆ. ಆದರೆ ಆಸ್ಪತ್ರೆಯಿಂದ ಬಿಟ್ಟ ಸಂಜೆ ಆ ಮನುಷ್ಯ ಎಲ್ಲಿಗೆ ಹೋಗಬೇಕು? ನಮ್ಮ ಕೆಲಸ ಶುರುವಾಗುವುದು ಆ ಸಂಜೆ.

ಮೊದಲ ವಾರ ಸ್ನಾನ, ಕ್ಷೌರ, ಗಾಯಕ್ಕೆ ಪಟ್ಟಿ. ಹುಳ ಬಿದ್ದ ಗಾಯಗಳೂ ಇರುತ್ತವೆ. ಮಾತ್ರೆ ಹಿಡಿಯಲು ಎರಡು ಮೂರು ವಾರ ಬೇಕು. ಮೊದಲು ನಿದ್ದೆ ಬರುತ್ತದೆ, ಆಮೇಲೆ ಹಸಿವು. ಒಂದು ದಿನ ತನ್ನ ಹೆಸರು ಹೇಳುತ್ತಾರೆ. ಇನ್ನೊಂದು ದಿನ ಊರಿನ ಬಾವಿ, ಶಾಲೆ, ತಂಗಿಯ ಮದುವೆ. ಕೆಲವೊಮ್ಮೆ ಆಧಾರ್ ಕೇಂದ್ರದಲ್ಲಿ ಬೆರಳಿಡಿಸಿದಾಗ ಹಳೆಯ ಕಾರ್ಡು ಇರುವುದು ಗೊತ್ತಾಗಿ, ವಿಳಾಸದ ಜಾಡು ಸಿಗುತ್ತದೆ. ಇದಕ್ಕೆಲ್ಲ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ.

ಅವಸರ ಮಾಡಿ ನಾವೇ ಒಮ್ಮೆ ಕೆಟ್ಟಿದ್ದೇವೆ. ಮೊದಲ ವರ್ಷ ಒಬ್ಬನನ್ನು ಆರನೇ ವಾರಕ್ಕೇ ಊರು ಮುಟ್ಟಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಬಂದೆವು. ಕೈಯಲ್ಲಿ ಕೊಟ್ಟಿದ್ದು ಹದಿನೈದು ದಿನದ ಮಾತ್ರೆ. ಹದಿನಾರನೇ ದಿನಕ್ಕೆ ಏನು ಮಾಡಬೇಕು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಅವನು ಮತ್ತೆ ಅದೇ ಪ್ಲಾಟ್‌ಫಾರ್ಮ್‌ನಲ್ಲಿದ್ದ. ಆಗಿನಿಂದ, ಅವರ ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಮಾತ್ರೆಯ ವ್ಯವಸ್ಥೆ ಆಗದೆ ಯಾರನ್ನೂ ಕಳಿಸುವುದಿಲ್ಲ. ಕಳಿಸಿದ ಮೇಲೂ ವಾರಕ್ಕೊಮ್ಮೆ ಫೋನ್ ಮಾಡುತ್ತೇವೆ. ಫೋಟೋ ತೆಗೆಯುವುದನ್ನು ಬಿಟ್ಟಿದ್ದೇವೆ. ಈ ಮನವಿಯಲ್ಲೂ ಯಾರ ಫೋಟೋನೂ ಇಲ್ಲ, ನೋಡಿ.

ನಮ್ಮ ಸಮಿತಿಯಲ್ಲಿ ನಿವೃತ್ತ ಹೆಡ್‌ಮಾಸ್ತರು, ಇಬ್ಬರು ಆಟೋದವರು, ಒಬ್ಬ ಕಂಡಕ್ಟರು, ಒಬ್ಬ ಮೆಡಿಕಲ್ ಅಂಗಡಿಯವರು ಇದ್ದಾರೆ. ಇಲ್ಲೇ ಇದ್ದು ಗುಣವಾದ ಅಕ್ಕ ಒಬ್ಬರೂ ಇದ್ದಾರೆ. ಯಾರನ್ನು ಯಾವಾಗ ಮನೆಗೆ ಕಳಿಸಬೇಕು ಅನ್ನುವುದರಲ್ಲಿ ಈಗ ಅವರದ್ದೇ ಕೊನೆಯ ಮಾತು. ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ?

ದುಡ್ಡು ಯಾತಕ್ಕೆ ಅಂದರೆ ನೇರವಾಗಿ ಹೇಳುತ್ತೇವೆ: ಬಾಡಿಗೆ, ಕರೆಂಟು, ಊರು ಮುಟ್ಟಿಸುವ ಖರ್ಚು. ಎಲ್ಲಕ್ಕಿಂತ ಜಾಸ್ತಿ, ರಾತ್ರಿ ಎದ್ದಿದ್ದು ನೋಡಿಕೊಳ್ಳುವವರ ಸಂಬಳ. ಸಂಬಳಕ್ಕೆ ಅಂದ ಕೂಡಲೇ ಜನ ಮುಖ ತಿರುಗಿಸುತ್ತಾರೆ. ಹುಟ್ಟುಹಬ್ಬಕ್ಕೆ ಹೋಳಿಗೆ ಊಟ ಹಾಕಿಸಲು ಬೇಕಾದಷ್ಟು ಮಂದಿ ಬರುತ್ತಾರೆ. ಹೋಳಿಗೆ ಬೇಡ ಅನ್ನುವುದಿಲ್ಲ, ಆದರೆ ರಾತ್ರಿ ಎರಡಕ್ಕೆ ಎದ್ದು ಬಾಗಿಲು ಬಡಿಯುವವರ ಪಕ್ಕ ಕೂರಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೂ ಮನೆ, ಮಕ್ಕಳು ಇದ್ದಾರೆ.

ಖಾತೆಯ ವಿವರ, ಕ್ಯೂಆರ್ ಕೋಡ್ ಈ ಪತ್ರದ ಜೊತೆಗಿದೆ. ತೆರಿಗೆ ವಿನಾಯಿತಿಗೆ ರಸೀದಿ ಕೊಡುತ್ತೇವೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದಕ್ಕೆ ಚೆಕ್ ಅಥವಾ ಫೋನ್‌ಪೇ ಮಾಡಿ. ರೈತರು ರಾಶಿಯಾದ ಮೇಲೆ ಒಂದು ಚೀಲ ಜೋಳ, ನಾಲ್ಕು ಸೇರು ತೊಗರಿಬೇಳೆ ಕೊಟ್ಟರೂ ಸಂತೋಷ. ಬೇಸಿಗೆಗೆ ಹಳೆಯ ಕೂಲರ್ ಇದ್ದರೆ ಹೇಳಿ, ನಾವೇ ಬಂದು ಒಯ್ಯುತ್ತೇವೆ. ಲೆಕ್ಕದ ಪುಸ್ತಕ ಮೇಜಿನ ಮೇಲೇ ಇರುತ್ತದೆ. ಭಾನುವಾರ ಸಂಜೆ ಬಂದು ನೋಡಿ, ಚಹಾ ಕುಡಿದು ಹೋಗಿ.

ನಿಮ್ಮ ಮನೆಯಲ್ಲೇ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು. ಪ್ಲಾಟ್‌ಫಾರ್ಮ್‌ಗೆ ವಾಪಸ್ ಬಂದಿದ್ದನಲ್ಲ, ಅವನು ಈಗ ನಮ್ಮಲ್ಲೇ ಇದ್ದಾನೆ. ಅಕ್ಕನ ಹತ್ತಿರ ಕೌದಿ ಹೊಲಿಯುವುದನ್ನು ಕಲಿತಿದ್ದಾನೆ. ಹಳೆಯ ಸೀರೆ ಇದ್ದರೆ ಕಳಿಸಿಕೊಡಿ. ಕಾಟನ್ ಆದರೆ ಒಳ್ಳೆಯದು, ಸಿಂಥೆಟಿಕ್ ಸೀರೆಯಲ್ಲಿ ಸೂಜಿ ಜಾರುತ್ತದಂತೆ.

ಕಾರ್ಯದರ್ಶಿ ಮತ್ತು ಸಮಿತಿಯವರು
ಕಲಬುರಗಿ