ಅತ್ತೆ ಬಂದಿದಾರೆ, ಎಲ್ಲಿ ಕರ್ಕೊಂಡು ಹೋಗ್ಲಿ?

ದಸರಾ ರಜೆ ಹತ್ರ ಬಂತು ಅಂದ್ರೆ ಸಾಕು, ನನ್ನ ಫೋನಿಗೆ ಒಂದೇ ತರದ ಮೆಸೇಜು ಶುರು. "ಸರ್, ಊರಿಂದ ನೆಂಟ್ರು ಬರ್ತಿದಾರೆ, ನಾಲ್ಕು ದಿನ ಇರ್ತಾರೆ, ಎಲ್ಲಿ ಕರ್ಕೊಂಡು ಹೋಗ್ಲಿ?" ಅಲ್ಲಿ ಇಲ್ಲಿ ಪ್ರವಾಸದ ಬಗ್ಗೆ ನಾಲ್ಕಕ್ಷರ ಬರೀತೀನಿ ಅನ್ನೋ ಒಂದೇ ತಪ್ಪಿಗೆ ನಮ್ಮ ಮುಂಬೈ ಕನ್ನಡ ಸಂಘದವರೆಲ್ಲ ನನ್ನನ್ನ ಟೂರಿಸ್ಟ್ ಆಫೀಸು ಮಾಡ್ಬಿಟ್ಟಿದಾರೆ. ಒಬ್ಬೊಬ್ರಿಗೇ ಟೈಪ್ ಮಾಡಿ ಬೆರಳು ನೋವು ಬಂತು, ಅದಕ್ಕೆ ಈ ಸಲದ ಸಂಪಾದಕೀಯದಲ್ಲೇ ಬರ್ದು ಮುಗಿಸ್ತೀನಿ, ಇನ್ಮೇಲೆ ಕೇಳಿದವರಿಗೆ ಈ ಪುಟದ ಫೋಟೋ ಕಳ್ಸೋದು, ಅಷ್ಟೆ.

ಮೊದ್ಲು ನನ್ನ ಮನೆ ಕತೆ. ಹೋದ ನವೆಂಬರಲ್ಲಿ ಕುಂದಾಪುರದಿಂದ ನನ್ನ ಸೋದರತ್ತೆ, ಮಾವ ಬಂದ್ರು. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಲ್ಲಿ ಸಂಜೆ ಹತ್ತಿ ಬೆಳಗ್ಗೆ ಕುರ್ಲಾ ಟರ್ಮಿನಸ್ಸಲ್ಲಿ ಇಳಿದ್ರು, ಕೈಯಲ್ಲಿ ಎರಡು ತೆಂಗಿನಕಾಯಿ ಚೀಲ, ಒಂದು ಹಲಸಿನ ಹಪ್ಪಳದ ಡಬ್ಬ. (ಕೊಂಕಣ ರೈಲು ಪೂರ್ತಿ ಓಡೋಕೆ ಶುರುವಾಗಿದ್ದು 1998ರಲ್ಲಿ, ಅದಕ್ಕೂ ಮುಂಚೆ ಘಾಟಿ ತಿರುವಲ್ಲಿ ವಾಂತಿ ಮಾಡ್ಕೊಂಡು ಬಸ್ಸಲ್ಲಿ ಬಂದವರಿಗೆ ಮಾತ್ರ ಗೊತ್ತು ಈ ರೈಲಿನ ಬೆಲೆ.) ನನಗೆ ಆಫೀಸಿತ್ತು, ಮೊದಲನೇ ದಿನ ಒಂದು ಮುಂಬೈ ದರ್ಶನದ ಬಸ್ಸಿಗೆ ಇಬ್ಬರನ್ನೂ ಹತ್ತಿಸಿಬಿಟ್ಟೆ. ಹನ್ನೊಂದು ಜಾಗ ತೋರಿಸ್ತೀವಿ ಅಂದಿದ್ರು, ತೋರ್ಸಿದ್ರು ಕೂಡ, ಹೆಚ್ಚಿನದ್ದೆಲ್ಲ ಬಸ್ಸಿನ ಕಿಟಕಿಯಿಂದ. ಸಂಜೆ ಒಬ್ಬ ಸಿನಿಮಾ ಹೀರೋ ಮನೆ ಗೇಟಿನ ಮುಂದೆ ಇಳಿಸಿ ನಲವತ್ತು ನಿಮಿಷ ಕಾಯ್ಸಿದಾರೆ. ರಾತ್ರಿ ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕೊಂಡು ಅತ್ತೆ ಹೇಳಿದ್ದು ಒಂದೇ ಮಾತು, "ಅಲ್ಲ್ ಕಾಂಬುಕೆ ಎಂತ ಇತ್ತ್ ಮಾರಾಯ, ಬರೀ ಗೇಟ್!"

ಮರುದಿನ ರಜೆ ಹಾಕ್ದೆ. ಅವತ್ತಿಂದ ನಮ್ಮನೇಲಿ ಕಾನೂನು ಆಗಿಹೋಗಿದೆ, ನೆಂಟರು ಯಾರೇ ಬರ್ಲಿ, ದಿನಕ್ಕೆ ಒಂದೇ ಜಾಗ, ಲೋಕಲ್ ಟ್ರೈನಲ್ಲಿ ಹೋಗೋ ಜಾಗ, ಹೋದಲ್ಲಿ ಕನಿಷ್ಠ ಒಂದು ಗಂಟೆ ಸುಮ್ನೆ ಕೂತ್ಕೋಬೇಕು. ಎರಡನೇ ಜಾಗದ ಹೆಸರು ಎತ್ತಿದವರಿಗೆ ರಾತ್ರಿ ಊಟಕ್ಕೆ ಬರೀ ಗಂಜಿ.

ಲೋಕಲ್ಲೇ ಅರ್ಧ ಮುಂಬೈ ದರ್ಶನ, ಅದನ್ನ ತಪ್ಪಿಸ್ಬೇಡಿ. ಆದ್ರೆ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಚರ್ಚ್‌ಗೇಟ್, ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆ ಹೋಗೋ ಗಾಡೀಲಿ ವಯಸ್ಸಾದವರನ್ನ ಹತ್ತಿಸೋ ಸಾಹಸ ಬೇಡ. ಭಾನುವಾರ ಖಾಲಿ ಇರತ್ತೆ ಅಂತ ಹೊರಟ್ರೆ ಮೆಗಾ ಬ್ಲಾಕ್ ಇರತ್ತೆ (ಹಳಿ ರಿಪೇರಿಗೆ ಅಂತ ಕೆಲವು ಗಾಡಿ ನಿಲ್ಸಿರ್ತಾರೆ), ಶನಿವಾರವೇ ಪೇಪರ್ ನೋಡ್ಕೊಳ್ಳಿ. ದಿನವಿಡೀ ಓಡಾಡೋದಿದ್ರೆ ಒಂದು ದಿನದ್ದು, ಮೂರು ದಿನದ್ದು, ಐದು ದಿನದ್ದು ಅಂತ ಟೂರಿಸ್ಟ್ ಟಿಕೆಟ್ ಕೌಂಟರಲ್ಲೇ ಸಿಗತ್ತೆ, ಮೂವತ್ತು ವರ್ಷದಿಂದ ಇಲ್ಲಿರೋ ನಮ್ಮವರಿಗೇ ಇದು ಗೊತ್ತಿಲ್ಲ. ಮಧ್ಯಾಹ್ನದ ಗಾಡೀಲಿ ಮಾವನಿಗೆ ಮೂರು ಜನದ ಸೀಟಿನ ತುದೀಲಿ ಯಾರೋ ಸರಿದು ನಾಲ್ಕನೇ ಸೀಟು ಕೊಟ್ರು, ಮಾವ ಅರ್ಧ ಗಾಳೀಲಿ ಅರ್ಧ ಹಲಗೇಲಿ ಕೂತ್ಕೊಂಡು ಥ್ಯಾಂಕ್ಸ್ ಹೇಳಿದ್ರು. ಆಮೇಲೆ ಎದುರಿಗಿದ್ದವನು "ಕುಠೇ ಉತರ್ಣಾರ್?" ಅಂತ ಕೇಳ್ದ, ಅಂದ್ರೆ ನೀವು ಇಳಿದ್ಮೇಲೆ ಆ ಸೀಟು ನನ್ಗೆ ಅಂತ ಬುಕಿಂಗು. ಮಾವ ಅದನ್ನ ಕುಶಲ ವಿಚಾರಿಸೋದು ಅಂದ್ಕೊಂಡು ತಮ್ಮ ಊರು, ಮನೆ, ಮೊಮ್ಮಕ್ಕಳು ಎಲ್ಲ ಕನ್ನಡದಲ್ಲೇ ಹೇಳಿದ್ರು.

ಅವತ್ತು ಹೋಗಿದ್ದು ಮಾಟುಂಗಾಕ್ಕೆ, ಸೆಂಟ್ರಲ್ ಲೈನಿನ ಮಾಟುಂಗಾ, 2017ರಿಂದ ಪೂರ್ತಿ ಹೆಂಗಸರೇ ನಡೆಸ್ತಿರೋ ಸ್ಟೇಷನ್ನು. ಅತ್ತೆಗೆ ಟಿಕೆಟ್ ಕೌಂಟರು ತೋರ್ಸಿದೆ, ಸ್ವಲ್ಪ ಹೊತ್ತು ನಿಂತು ನೋಡಿದ್ರು, ಏನೂ ಹೇಳ್ಲಿಲ್ಲ, ಆದ್ರೆ ಸೆರಗು ಸರಿಮಾಡ್ಕೊಂಡು ಮುಂದೆ ನಡೆದ ರೀತಿ ಬೇರೆ ಇತ್ತು. ಪೂರ್ವದ ಕಡೆ ಇಳಿದ್ರೆ ಹೂವಿನವರು, ಬಾಳೆ ಎಲೆಯವರು, ವೀಳ್ಯದೆಲೆಯವರು. ಅತ್ತೆ ಬಾಳೆ ಎಲೆ ರೇಟು ಕೇಳಿ ಹೌಹಾರಿದ್ರು. ತೋಟದಲ್ಲಿ ದನ ತಿಂದು ಬಿಡೋ ಎಲೆಗೆ ದುಡ್ಡಾ ಅಂತ. ಅಲ್ಲೇ ಮಾರ್ಕೆಟ್ ಬಿಲ್ಡಿಂಗಿನ ಮೇಲೆ 1942ರಿಂದ ನಡೀತಿರೋ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿದೆ, ಬಾಳೆ ಎಲೆ ಊಟ. "ಇಷ್ಟು ದೂರ ಬಂದು ಮತ್ತೆ ನಮ್ಮೂರಿನ ಊಟವಾ?" ಅಂದ್ರು. ಈ ಪ್ರಶ್ನೆ ಎಲ್ಲರೂ ಕೇಳ್ತಾರೆ, ನಿಮ್ಮ ನೆಂಟರೂ ಕೇಳ್ತಾರೆ, ಬಿಡ್ಬೇಡಿ, ಕರ್ಕೊಂಡು ಹೋಗಿ. ಯಾಕಂದ್ರೆ ಎಲೆ ಮುಂದೆ ಕೂತು ಬಕೆಟ್ಟಿಂದ ಸಾರು ಬೀಳೋವಾಗ ಮಾವನೇ ತಾನಾಗಿ ಮಾತು ತೆಗೆದ್ರು, ಅವರ ಚಿಕ್ಕಪ್ಪ ಹದಿಮೂರು ವರ್ಷಕ್ಕೆ ಊರು ಬಿಟ್ಟು ಮುಂಬೈಯ ಫೋರ್ಟ್ ಕಡೆ ಹೋಟೆಲಲ್ಲಿ ಲೋಟ ತೊಳೆದದ್ದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದ್ದು, ಹೋಟೆಲಿನ ಬೆಂಚಿನ ಮೇಲೇ ಮಲಗ್ತಿದ್ದದ್ದು. ಇಷ್ಟು ವರ್ಷ ನಮ್ಮನೇಲಿ ಯಾರಿಗೂ ಈ ಕತೆ ಗೊತ್ತಿರ್ಲಿಲ್ಲ. ಅತ್ತೆ ಮಾತ್ರ ಎರಡನೇ ಸಲ ಸಾರು ಹಾಕಿಸ್ಕೊಂಡ್ರು, ಮೂರನೇ ಸಲಾನೂ.

ಊಟ ಆದ್ಮೇಲೆ ಕಾಫಿಪುಡಿ ಅಂಗಡಿ. ಅಲ್ಲೇ ಬೀಜ ಪುಡಿ ಮಾಡಿ ಕೊಡೋ ಅಂಗಡಿ ಮಾಟುಂಗಾದಲ್ಲಿ ಇವೆ, ಚಿಕೋರಿ ಎಷ್ಟು ಹಾಕ್ಲಿ ಅಂತ ಕೇಳ್ತಾರೆ, ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಹೇಳ್ಬೇಡಿ ಅನ್ನೋದು ನನ್ನ ಅಭಿಪ್ರಾಯ, ಮನೆಯವರದ್ದು ಬೇರೆ. ಹಾಗೇ ಭಾವುದಾಜಿ ರಸ್ತೆಗೆ ನಡ್ಕೊಂಡು ಹೋಗಿ ಮೈಸೂರು ಅಸೋಸಿಯೇಷನ್ ಬಿಲ್ಡಿಂಗು ನೋಡ್ಕೊಂಡು ಬನ್ನಿ, ಇಲ್ಲಿನ ಕನ್ನಡಿಗರ ಸಂಸ್ಥೆ, 1926ರಲ್ಲಿ ಶುರುವಾದದ್ದು. ಕಾರ್ಯಕ್ರಮ ಇದ್ರೆ ಒಳಗೆ ಕೂತ್ಕೊಳ್ಳಿ, ಇಲ್ಲಾಂದ್ರೆ ಹೊರಗಿಂದ ನೋಡಿದ್ರೂ ಸೈ.

ಆದ್ರೆ ನಾನು ಜೋರು ಮಾಡಿ ಕಳ್ಸೋ ಜಾಗ ಕಾನ್ಹೇರಿ ಗುಹೆಗಳು, ಅತ್ತೆ ಮಾವನನ್ನ ಇನ್ನೊಂದು ದಿನ ಕರ್ಕೊಂಡು ಹೋದದ್ದೂ ಇಲ್ಲಿಗೇ. ಬೊರಿವಲಿಯ ನ್ಯಾಷನಲ್ ಪಾರ್ಕ್ ಒಳಗೆ, ಗೇಟಿಂದ ಸುಮಾರು ಆರು ಕಿಲೋಮೀಟರ್, ಒಳಗಡೆ ಬಸ್ಸಿದೆ. ಸೋಮವಾರ ರಜೆ, ಇದನ್ನ ಮರೆತು ಹೋಗಿ ಗೇಟಲ್ಲಿ ವಡಾಪಾವ್ ತಿಂದು ವಾಪಸ್ ಬಂದವರು ನಮ್ಮ ಕಮಿಟಿಯಲ್ಲೇ ಇದಾರೆ. ಒಂದೇ ಕಪ್ಪು ಗುಡ್ಡ, ನೂರಕ್ಕೂ ಜಾಸ್ತಿ ಬೌದ್ಧ ಗುಹೆ, ಎಲ್ಲಾನೂ ನೋಡೋಕೆ ಹೋಗ್ಬೇಡಿ. ಮೂರನೇ ಗುಹೆ ಚೈತ್ಯ, ಅಂದ್ರೆ ಪ್ರಾರ್ಥನೆ ಮಾಡೋ ಗುಹೆ, ವರಾಂಡದ ಎರಡೂ ತುದೀಲಿ ನಿಂತ ಬುದ್ಧ, ಕುತ್ತಿಗೆ ನೋವು ಬರೋಷ್ಟು ಎತ್ತರ. ಅಲ್ಲಿಂದ ಮೇಲೆ ಹತ್ತಿ ಹನ್ನೊಂದನೇ ಗುಹೆ, ದರ್ಬಾರ್ ಅಂತಾರೆ. ಒಳಗೆ ನೆಲಮಟ್ಟದಿಂದ ಒಂಚೂರು ಎತ್ತರಕ್ಕೆ ಎರಡು ಉದ್ದುದ್ದ ಕಲ್ಲಿನ ಬೆಂಚು, ಎದುರು ಬದುರು. ಅತ್ತೆ ಬಾಗಿಲಲ್ಲೇ ನಿಂತು ಅಂದ್ರು, "ಇದ್ ಊಟದ್ ಪಂಕ್ತಿ ಅಲ್ದಾ?" ನಾನು ಪಾಠ ಮಾಡೋಕೆ ರೆಡಿಯಾಗಿದ್ದೆ, ಸಭೆ ಸೇರೋ ಜಾಗ ಅಂತೆಲ್ಲ, ಬಾಯಿ ಮುಚ್ಕೊಂಡೆ. ನಿಜಕ್ಕೂ ಎಲೆ ಹಾಕೋದೊಂದೇ ಬಾಕಿ ಅನ್ಸೋ ಹಾಗಿದೆ.

ಅದೇ ಗುಹೆಯಲ್ಲಿ ಒಂದು ಶಾಸನ ಇದೆ, ಶಕ 775, ಅಂದ್ರೆ ಕ್ರಿ.ಶ. 853. ರಾಜ ಯಾರು ಗೊತ್ತಾ, ಅಮೋಘವರ್ಷ. ನಮ್ಮ ನೃಪತುಂಗ ಸ್ವಾಮಿ! ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದವನು. ಇಲ್ಲಿ ಕೊಂಕಣದಲ್ಲಿ ಅವನ ಸಾಮಂತ ಶಿಲಾಹಾರ ವಂಶದ ಕಪರ್ದಿ. ಶಾಸನದಲ್ಲಿ ಇರೋದು ಯುದ್ಧ ಗೆದ್ದ ಸುದ್ದಿ ಅಲ್ಲ, ವಿಹಾರದ (ಭಿಕ್ಷುಗಳಿರೋ ಮಠದ) ರಿಪೇರಿಗೆ, ಪುಸ್ತಕ ಕೊಂಡ್ಕೊಳ್ಳೋಕೆ ದುಡ್ಡು ಇಟ್ಟಿದ್ದು. ಪುಸ್ತಕಕ್ಕೆ! (ನಮ್ಮ ಸಂಘದ ಲೈಬ್ರರಿಯ ಬಜೆಟ್ಟು ಎರಡು ವರ್ಷದಿಂದ ಶಾಮಿಯಾನ ಖರ್ಚಿಗೆ ಹೋಗ್ತಿದೆ, ಖಜಾಂಚಿಗಳು ದಯವಿಟ್ಟು ಈ ಪ್ಯಾರಾ ಎರಡು ಸಲ ಓದ್ಬೇಕು.) ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಭಾಷಣದಲ್ಲಿ ಹೇಳಿ ಹೇಳಿ ಚಪ್ಪಾಳೆ ತಗೋತೀವಿ, ಆ ದೊರೆಯ ಹೆಸರು ಬೊರಿವಲಿ ಸ್ಟೇಷನ್ನಿಂದ ಇಷ್ಟು ಹತ್ರ ಕಲ್ಲಲ್ಲಿದೆ, ನಮ್ಮಲ್ಲಿ ಎಷ್ಟು ಜನ ಹೋಗಿದೀವಿ? ಬೊರಿವಲಿಯಲ್ಲೇ ಇಪ್ಪತ್ತೆರಡು ವರ್ಷದಿಂದ ಇರೋ ನನ್ನ ಸ್ನೇಹಿತನಿಗೆ ಕೇಳ್ದೆ. "ಅಲ್ಲಿ ಚಿರತೆ ಇದೆಯಂತಲ್ಲ" ಅಂದ. ಚಿರತೆ ಇದೆ ನಿಜ, ಆದ್ರೆ ಅದಕ್ಕೆ ಕನ್ನಡಿಗರ ಮೇಲೆ ಸ್ಪೆಷಲ್ ಸಿಟ್ಟೇನೂ ಇಲ್ಲ.

ಆ ಶಾಸನದ ಅಕ್ಷರ ಸಾಮಾನ್ಯ ಕಣ್ಣಿಗೆ ಓದೋಕಾಗಲ್ಲ, ಭಾಷೆ ಸಂಸ್ಕೃತ, ಕಲ್ಲು ಸವೆದಿದೆ. ಆದ್ರೂ ಎದುರಿಗೆ ನಿಂತ್ಕೊಳ್ಳಿ. ಆಮೇಲೆ ಹೊರಗೆ ಬಂದು ನೀರಿನ ಕಾಲುವೆ ನೋಡಿ, ಬಂಡೆ ಮೇಲೆ ಬಿದ್ದ ಮಳೆ ನೀರು ಒಂದು ಹನಿನೂ ಹಾಳಾಗ್ದೆ ಗುಹೆ ಪಕ್ಕದ ತೊಟ್ಟಿಗೆ ಇಳಿಯೋ ಹಾಗೆ ಕಲ್ಲಲ್ಲೇ ಸಣ್ಣ ಸಣ್ಣ ಗೆರೆ ಕೊರೆದಿದಾರೆ. ಮಾವನಿಗೆ ಬುದ್ಧನಿಗಿಂತ ಇದೇ ಇಷ್ಟವಾಯ್ತು, ಅಡಿಕೆ ತೋಟಕ್ಕೆ ನೀರು ಬಿಟ್ಟ ಮನುಷ್ಯ, ಒಂದು ಗೆರೆಗೆ ಬೆರಳಿಟ್ಟು ಎಲ್ಲಿ ಹೋಗತ್ತೆ ಅಂತ ಕೆಳಗಿನ ತನಕ ಹಿಂಬಾಲಿಸಿ ಹೋದ್ರು, ನಾವು ಅರ್ಧ ಗಂಟೆ ಕಾದ್ವಿ. ಮಳೆಗಾಲ ಮುಗಿದ ತಕ್ಷಣ ಹೋದ್ರೆ ತೊಟ್ಟಿ ತುಂಬಿರತ್ತೆ. ಊಟದ ಡಬ್ಬಿ ಮಂಗನ ಎದುರು ಮಾತ್ರ ತೆಗೀಬೇಡಿ.

ಕಲ್ಯಾಣ, ಡೊಂಬಿವಿಲಿ ಕಡೆಯವರಿಗೆ ಬೊರಿವಲಿ ದೂರ ಅಂತ ನೆಪ ಬೇಡ, ನಿಮಗೆ ಅಂಬರನಾಥ ಇದೆ. ಅದೇ ಶಿಲಾಹಾರರ ವಂಶದವರ ಕಾಲದ ಶಿವನ ಗುಡಿ, ಶಾಸನದ ವರ್ಷ 1060. ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗ್ಬೇಕು, ಒಳಗೆ ತಂಪು. ಹೊರಗೋಡೆಯ ಕೆತ್ತನೆ ನೋಡೋಕೆ ಬೆಳಗ್ಗೆ ಒಳ್ಳೇದು, ಮಹಾಶಿವರಾತ್ರಿ ದಿನ ಬೇಡ, ಜನವೋ ಜನ. ಪಕ್ಕದ ಹೊಳೆ ಕಡೆ ಮೂಗು ತಿರುಗಿಸ್ಬೇಡಿ. ಎಲಿಫೆಂಟಾ ಬಗ್ಗೆ ಎಲ್ಲರಿಗೂ ಗೊತ್ತಿದೆ, ಅದಕ್ಕೂ ಸೋಮವಾರ ರಜೆ ಅನ್ನೋದೊಂದು ನೆನಪಿಟ್ಕೊಳ್ಳಿ.

ಮುಂದಿನ ಸಂಚಿಕೆಗೆ ನಿಮ್ಮ ನಿಮ್ಮ ಸ್ಟೇಷನ್ನಿಂದ ನಡ್ಕೊಂಡು ಹೋಗೋ ದೂರದಲ್ಲಿರೋ ಒಂದು ಜಾಗದ ಬಗ್ಗೆ ಹತ್ತು ಸಾಲು ಬರ್ದು ಕಳ್ಸಿ, ಗುಡಿ ಗುಹೆನೇ ಆಗ್ಬೇಕು ಅಂತಿಲ್ಲ, ಜಿಲೇಬಿ ಅಂಗಡಿ ಆದ್ರೂ ಹಾಕ್ತೀನಿ. ಬೇಗ ಕಳ್ಸಿ ಮಾತ್ರ. ಅತ್ತೆ ಡಿಸೆಂಬರಿಗೆ ಮತ್ತೆ ಟಿಕೆಟ್ ಮಾಡ್ಸಿದಾರೆ, ಈ ಸಲ ಜೊತೆಗೆ ಭಜನಾ ಮಂಡಳಿಯ ಏಳು ಜನ.