ಗೆಳೆಯನಿಗೊಂದು ಪತ್ರ: ಅಟ್ಟದ ಮೇಲಿನ ಪತ್ರಿಕೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ 'ಲಿವರ್‌ಪೂಲ್ ಅಂದ್ರೆ ಬೀಟಲ್ಸ್, ಅಷ್ಟೇ' ಅಂದೆಯಲ್ಲ, ಅವತ್ತಿನಿಂದ ಈ ಪತ್ರ ತಲೆಯಲ್ಲೇ ಇತ್ತು. ಬೀಟಲ್ಸ್ ಲೋಕಕ್ಕೆಲ್ಲ ಗೊತ್ತಿರೋ ಹಾಡುತಂಡ, ನಿಜ. ಆದರೆ ನನಗೆ ಇಂಗ್ಲೆಂಡಿನ ಆ ಊರು ಅಂದ್ರೆ ಮೊದಲು ನೆನಪಾಗೋದು ಅಲ್ಲಿ ಸಂಗೀತದ ಪತ್ರಿಕೆ ತಂದ ಬಿಲ್ ಹ್ಯಾರಿ.

ಆರ್ಟ್ ಕಾಲೇಜಿನಲ್ಲಿ ಬೀಟಲ್ಸ್‌ನ ಜಾನ್ ಲೆನನ್‌ಗೆ ಗೆಳೆಯ ಅವನು. ಊರ ತುಂಬ ಹುಡುಗರ ಬೀಟ್ ಗ್ರೂಪ್‌ಗಳು, ಅಂದ್ರೆ ಗಿಟಾರು-ಡ್ರಮ್ಸಿನ ಹಾಡುತಂಡಗಳು, ಇದ್ದವು. ಲಂಡನ್ನಿನ ಪತ್ರಿಕೆಗಳು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಾನೇ ಒಂದು ಪತ್ರಿಕೆ ತರೋಣ ಅಂತ ಹ್ಯಾರಿ 50 ಪೌಂಡ್ ಸಾಲ ಮಾಡಿದ. ರೆನ್‌ಶಾ ಸ್ಟ್ರೀಟಿನ ವೈನ್ ಅಂಗಡಿಯ ಅಟ್ಟದ ಕೋಣೆಯಲ್ಲಿ ಕೂತ, ಜೊತೆಗೆ ಗೆಳತಿ ವರ್ಜೀನಿಯಾ. 1961ರ ಜುಲೈ 6ಕ್ಕೆ 'ಮರ್ಸಿ ಬೀಟ್' ಬಂತು. ಹದಿನೈದು ದಿನಕ್ಕೊಮ್ಮೆ, ಬೆಲೆ 3 ಪೆನ್ಸ್. ಮೊದಲ ಸಂಚಿಕೆಯ 5,000 ಪ್ರತಿಗಳೂ ಖರ್ಚಾದವು. ಹೆಸರಿನ 'ಬೀಟ್' ಅವನಿಗೆ ಹೊಳೆದದ್ದು ತಾಳದಿಂದಲ್ಲ ಕಣೋ. ಪೊಲೀಸರು ಬೀಟ್ ಹೋಗ್ತಾರಲ್ವಾ, ಆ ಬೀಟ್! ಮರ್ಸಿ ನದಿಯ ಆಚೀಚೆ ಊರುಗಳೆಲ್ಲ ಅವನ ಪಾಲಿನ ಬೀಟು.

ಎರಡನೇ ಸಂಚಿಕೆಯ ಮುಖಪುಟದಲ್ಲಿ ಬೀಟಲ್ಸ್ ಇದ್ದರು. ಅದರ 144 ಪ್ರತಿ ತರಿಸಿದವನು ರೆಕಾರ್ಡ್ ಅಂಗಡಿಯ ಬ್ರಯಾನ್ ಎಪ್‌ಸ್ಟೀನ್, ಮುಂದೆ ಬೀಟಲ್ಸ್‌ಗೆ ಮ್ಯಾನೇಜರ್ ಆದವನು. ಮೂರನೇ ಸಂಚಿಕೆಯಿಂದ ಅವನೇ ಅಂಕಣ ಬರೆದ. ಅಕ್ಟೋಬರಿನಲ್ಲಿ ಗಿರಾಕಿಯೊಬ್ಬ ಬಂದು ಕೇಳುವ ತನಕ ಬೀಟಲ್ಸ್ ಹೆಸರೇ ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಿಕೊಂಡ. ನನಗಂತೂ ನಂಬೋಕೆ ಆಗಲ್ಲ.

ನನಗೆ ಜಾಸ್ತಿ ಇಷ್ಟ ಅದರ ಓದುಗರ ವೋಟಿನ ಕಥೆ. ಊರಲ್ಲಿ ಯಾವ ಗ್ರೂಪ್ ಮೇಲು? 1962ರ ಜನವರಿಯಲ್ಲಿ ಫಲಿತಾಂಶ ಬಂತು. ನಿಜಕ್ಕೂ ಜಾಸ್ತಿ ವೋಟು ಬಿದ್ದಿದ್ದು ರೋರಿ ಸ್ಟಾರ್ಮ್ ಆ್ಯಂಡ್ ದಿ ಹರಿಕೇನ್ಸ್‌ಗೆ. ಮುಂದೆ ಬೀಟಲ್ಸ್ ಸೇರಿದ ರಿಂಗೋ ಸ್ಟಾರ್ ಆಗ ಡ್ರಮ್ಸ್ ಬಾರಿಸುತ್ತಿದ್ದುದು ಅವರ ಜೊತೆಗೇ. ಆದರೆ ಒಂದು ಕಟ್ಟು ಚೀಟಿ ಪೂರ್ತಿ ಹಸಿರು ಶಾಯಿಯಲ್ಲಿತ್ತು. ಅಕ್ಷರವೂ ಒಂದೇ, ಅಂಚೆಗೆ ಹಾಕಿದ ಜಾಗವೂ ಒಂದೇ. ಹ್ಯಾರಿ ಅವನ್ನು ತೆಗೆದುಹಾಕಿದ. ರೋರಿ ನಾಲ್ಕಕ್ಕೆ ಇಳಿದ, ಬೀಟಲ್ಸ್ ಮೊದಲಾದರು. ಬೀಟಲ್ಸ್ ಕೂಡ ತಮಗೆ ತಾವೇ ವೋಟು ಹಾಕಿಕೊಂಡಿದ್ದರು, ಶಾಯಿ ಬಣ್ಣ ಮಾತ್ರ ಬೇರೆ! ರೋರಿಯ ಬಗ್ಗೆ ನನಗೆ ಇವತ್ತಿಗೂ ಪಾಪ ಅನ್ನಿಸುತ್ತೆ.

ಇನ್ನೊಂದು ಹೇಳದೆ ಪತ್ರ ಮುಗಿಸೋಕೆ ಮನಸ್ಸಿಲ್ಲ. ಪ್ರಿಸಿಲ್ಲಾ ವೈಟ್ ಅನ್ನೋ ಹುಡುಗಿ ಅಲ್ಲಿನ ಕ್ಲಬ್ಬುಗಳಲ್ಲಿ ಹಾಡುತ್ತಿದ್ದಳು. ಮೊದಲ ಸಂಚಿಕೆಗೆ ಅವಳ ಬಗ್ಗೆ ಬರೆಯುವಾಗ ಹ್ಯಾರಿಗೆ ಮನೆತನದ ಹೆಸರು ಮರೆತುಹೋಯಿತು. ಯಾವುದೋ ಬಣ್ಣ ಅಂತ ಮಾತ್ರ ನೆನಪಿತ್ತು. ಸಿಲ್ಲಾ ಬ್ಲ್ಯಾಕ್ ಅಂತ ಅಚ್ಚಾಯಿತು. ಅವಳಿಗೆ ಅದೇ ಹಿಡಿಸಿತು, ಬದುಕಿಡೀ ಅದೇ ಹೆಸರಲ್ಲಿ ಹಾಡಿದಳು.

ಇಂತಿ ನಿನ್ನ ಗೆಳೆಯ